ಯಾರ ಪೈಕಿ

ಖಡಕಿಯ ಸಮಾಧಿತೋಟದ ಕಚೇರಿ.
ಮೇಜಿನ ಒಂದು ಕಾಲಿಗೆ ಒಡೆದ ಟೈಲ್ಸಿನ ಆನಿಕೆ.
ಗುಮಾಸ್ತ ಮೀಸೆ ಮೂಡದ ಹುಡುಗ,
ಫಾರಂ ನನ್ನ ಕಡೆ ತಿರುಗಿಸಿ ಬೆರಳಿಟ್ಟ:
'ನಾತೆ'. ನಂಟು. ಇಲ್ಲಿ ತುಂಬಿ ಆಜಿ.

ಹೊಸ ಕುಣಿ ತೋಡಲು ಜಾಗವಿಲ್ಲ.
ಹದಿನಾಲ್ಕು ವರ್ಷ ದಾಟಿದ ಗೋರಿ ತೆರೆದು
ಅದರಲ್ಲೇ ಮನೆಯವರನ್ನು ಇಡುವುದು ಇಲ್ಲಿನ ರೂಢಿ.
ನನಗೆ ಇಬ್ಬರಿದ್ದಾರೆ ಎಂದೆ.
ಇಬ್ಬರೂ ಗಂಡಂದಿರೇ.

ಒಬ್ಬ ಪಡುಗೋಡೆಯ ಹತ್ತಿರ, ಜಯಶೀಲ ಬೆಂಡಿಗೇರಿ,
ಬೆಟಗೇರಿಯ ನೇಕಾರರ ಮಗ,
ಮದ್ದುಗುಂಡಿನ ಕಾರ್ಖಾನೆಯಲ್ಲಿ ಫಿಟ್ಟರ್.
ಹಾಡುವಾಗ ಕಣ್ಣು ಮುಚ್ಚುತ್ತಿದ್ದ,
ಉಣ್ಣುವಾಗಲೂ.
ಇನ್ನೊಬ್ಬರು ಬೇವಿನ ಕೆಳಗೆ, ಭಾಸ್ಕರರಾವ್ ಗಾಯಕವಾಡ,
ಕನ್ನಡದ ಒಂದಕ್ಷರ ತಿಳಿಯದೆ
ಹದಿನೇಳು ವರ್ಷ ನನ್ನ ಪ್ರಾರ್ಥನೆಗೆ
ಆಮೆನ್ ಅಂದವರು.

ಅಪ್ಪನ ಹತ್ತಿರ, ಅನ್ನುತ್ತಾನೆ ಮಗ.
ಬಾಬಾನ ಹತ್ತಿರ, ಅನ್ನುತ್ತಾಳೆ ಮಲಮಗಳು ಅನುಪಮಾ,
ಅಂದು ಅಳುತ್ತಾಳೆ.
ಬೆಟಗೇರಿಯಿಂದ ತಮ್ಮನ ಫೋನು:
ಅಕ್ಕಾ, ನೀ ನಮ್ಮ ಪೈಕಿ. ಇಲ್ಲೇ ಬಂದ್ಬಿಡು,
ಅವ್ವನ ಮಗ್ಗಲಕ್ಕ ಜಾಗಾ ಐತಿ.
ಸತ್ತ ಮೇಲೆ ಮೂರು ಮನೆಗೆ ಬೇಕಾದವಳು!
ಜೀವವಿರುವ ಈಗ, ಜ್ವರ ಬಂದರೆ,
ಗಂಜಿಗೆ ಉಪ್ಪು ನಾನೇ ಹಾಕಿಕೊಳ್ಳುತ್ತೇನೆ.

ಆ ಹಳೆಯ ಪ್ರಶ್ನೆ ನೆನಪಾಯಿತು.
ಏಳು ಜನ ಅಣ್ಣತಮ್ಮಂದಿರನ್ನು
ಒಬ್ಬನಾದ ಮೇಲೊಬ್ಬನಂತೆ ಕಟ್ಟಿಕೊಂಡವಳು,
ಸತ್ತವರೆಲ್ಲ ಏಳುವ ದಿನ ಯಾರ ಹೆಂಡತಿ ಅಂತ
ಗಡ್ಡ ನೀವಿಕೊಂಡು ಕೇಳಿದರಲ್ಲ, ನಗೆಯಾಡಲಿಕ್ಕೆ.
ಭಾನುವಾರದ ಶಾಲೆಯಲ್ಲಿ ನಾನೂ ನಕ್ಕಿದ್ದೆ.
ಅವಳನ್ನೇ ಒಂದು ಮಾತು ಯಾರೂ ಕೇಳಲಿಲ್ಲ.
ಏಳು ಸಾರಿ ಒಲೆ ಹೊತ್ತಿಸಿದವಳಿಗೆ
ಒಂದು ಹೆಸರೂ ಇಲ್ಲ.
ಅವನೊಬ್ಬ ಮಾತ್ರ ಉತ್ತರ ಕೊಟ್ಟ.
ನನಗೆ ಅರವತ್ತೆಂಟು ತುಂಬಬೇಕಾಯಿತು
ಅದು ಅವಳಿಗೂ ಕೊಟ್ಟ ಉತ್ತರ ಅಂತ ತಿಳಿಯಲು.

ಪ್ರೀತಿಯಿಲ್ಲದೆ ಹೇಳುತ್ತಿಲ್ಲ.
ಜಯಶೀಲನ ಕೆಮ್ಮನ್ನು ಇವತ್ತಿಗೂ
ಸಂತೆಯಲ್ಲಿ ಗುರುತು ಹಿಡಿದೇನು.
ಆಸ್ಪತ್ರೆಯಲ್ಲಿ ಸಿಸ್ಟರ್, ಚಾಳಿನಲ್ಲಿ ಕಾಕು,
ಸಭೆಯಲ್ಲಿ ಬೆಂಡಿಗೇರಿಯವರ ಮನೆಯವಳು, ಆಮೇಲೆ
ಗಾಯಕವಾಡರ ಮನೆಯವಳು.
ಯೂನಿಕೆ ಅಂತ ಕರೆಯುವವರು
ಒಬ್ಬೊಬ್ಬರೇ ತೀರಿಕೊಂಡರು.

ರಾತ್ರಿ ಎರಡಕ್ಕೆ ಮುಂಬೈ ಕಡೆಯ ಗೂಡ್ಸು
ಗೋಡೆ ಅಲುಗಿಸಿಕೊಂಡು ಹೋಗುತ್ತದೆ. ಎದ್ದು ಕೂರುತ್ತೇನೆ.
ಹಲ್ಲು ಲೋಟದಲ್ಲಿದೆ, ಕನ್ನಡಕ ಕಿಟಕಿಯಲ್ಲಿ,
ಎರಡು ಉಂಗುರ ಒಂದೇ ಬಟ್ಟಲಲ್ಲಿ.
ಇನ್ನೂ ತೆಗೆದಿಡುವುದು ಏನಾದರೂ ಉಳಿದಿದೆಯೇ ಅಂತ
ಮೈ ತಡವಿಕೊಳ್ಳುತ್ತೇನೆ.
ಆಗ ಯಾರೋ ಕರೆದಂತಾಗುತ್ತದೆ.
ಯಾವ ಹೆಸರು ಹಿಡಿದೋ ಕೇಳಿಸುವುದಿಲ್ಲ,
ಓಗೊಡುವವಳು ಮಾತ್ರ ನಾನೇ.

ಬರೀರಿ ಆಜಿ, ಊಟದ ಹೊತ್ತಾಯಿತು.
ಬರೆದೆ.
ಹೆಸರು ಮೇಲೆ ಬರೆದಾಗಿದೆಯಲ್ಲ,
ಇದು ಬೇರೆ ಖಾನೆ, ಅಂದ ಹುಡುಗ.
ಗೊತ್ತು ಮಗಾ.
ತಲೆ ಕೆರೆದುಕೊಂಡು ಸಿಕ್ಕಾ ಒತ್ತಿದ,
ಒತ್ತದೆಯೂ ಇದ್ದಿರಬಹುದು. ನಾನು ತಿರುಗಿ ನೋಡಲಿಲ್ಲ.

ಹೊರಗೆ ಬಿಸಿಲು. ಮಾಲಿ ಪೈಪು ಹಿಡಿದು
ನನ್ನ ಕಡೆ ಬೆನ್ನು ಮಾಡಿಕೊಂಡೇ ಕೇಳಿದ:
ಯಾರನ್ನು ಹುಡುಕುತ್ತೀರಿ?
ತಟ್ಟನೆ ಉತ್ತರ ಹೊಳೆಯಲಿಲ್ಲ.
ಗೋಡೆಯ ಹತ್ತಿರವೂ ಬೇವಿನ ಬುಡಕ್ಕೂ
ಸ್ವಲ್ಪ ನೀರು ಬಿಡಪ್ಪ ಎಂದೆ.
ಆಮೇಲೆ, ಇಷ್ಟು ವರ್ಷ ಕೇಳಿರಲೇ ಇಲ್ಲ ನೋಡಿ,
ನಿನ್ನ ಹೆಸರೇನು ಎಂದೆ.