ನಲವತ್ತೊಂದು ಹೊಟ್ಟೆಗಳ ಲೆಕ್ಕ

ಪೊನ್ನಂಪೇಟೆಯ ಹಾಸ್ಟೆಲಿನ ಊಟದ ಹಾಲಿನಲ್ಲಿ
ಬೆಳಗಿನ ಐದೂವರೆಗೇ ಟೀವಿ ಹಚ್ಚುತ್ತಾಳೆ ಪೂವಿ.
ಅಮೆರಿಕದಲ್ಲಿ ಅದಿನ್ನೂ ನಿನ್ನೆಯಂತೆ.
ನಿನ್ನೆಯಲ್ಲೇ ಕೂತು
ನಾಲ್ಕು ಜನ ಕೋಟು ತೊಟ್ಟವರು
ನಾಳೆಯ ಮಾತಾಡುತ್ತಾರೆ.

ನಾನು ಒಲೆಯ ಮುಂದೆ, ಅಕ್ಕಿ ತರಿ ತಿರುವುತ್ತ.
ಸದ್ದು ನನಗೂ ಕೇಳುತ್ತದೆ, ಅರ್ಥ ಅವಳೇ ಹೇಳಬೇಕು:
"ಅಕ್ಕಾ, ಬಿಳಿ ಜೆರ್ಸಿಯವರು ನಾಲ್ಕೇ ಪಂದ್ಯಕ್ಕೆ ಮುಗಿಸ್ತಾರಂತೆ.
ನಮ್ಮ ಹಸಿರಿನವರಿಗೆ ಒಂದೂ ಇಲ್ಲವಂತೆ."
ನಮ್ಮವರು ಅಂದರೆ ಯಾರೇ, ಅಂದೆ.
ಯಾವುದೋ ಊರಿನ ಹೆಸರು ಹೇಳಿದಳು,
ಕುಟ್ಟದಿಂದ ಇಲ್ಲಿಗೆ ಬಿಟ್ಟರೆ ಬೇರೆ ಬಸ್ಸು ಹತ್ತದವಳು.

ಇಡೀ ಹಾಸ್ಟೆಲಿಗೆ ಹಾಕಿ ಸ್ಟಿಕ್ಕು,
ಇವಳೊಬ್ಬಳಿಗೆ ಬ್ಯಾಸ್ಕೆಟ್‌ಬಾಲ್.
ಐದು ಅಡಿ ಹನ್ನೊಂದು ಇಂಚು.
ತಟ್ಟೆ ಹಿಡಿದು ನಿಂತರೆ
ನನ್ನ ಸೌಟು ಕತ್ತೆತ್ತಿ ನೋಡುತ್ತದೆ.

ನೇರಳೆ ಟೈಯವನು ಮೇಜು ಗುದ್ದಿ ಹೇಳಿದ, ನಾಲ್ಕು.
ಪಕ್ಕದವನು ಪರದೆಯ ತುಂಬ ಹಳದಿ ಗೆರೆ ಎಳೆದು
ಬಾಣ ಬಿಟ್ಟು, ವೃತ್ತ ಹಾಕಿ, ನಾಲ್ಕು.
ಮೂರನೆಯವನು ಉದಾರಿ, ಐದು ಎಂದ.
ಒಂದು ಕಾಲಕ್ಕೆ ತಾನೇ ಆಡಿ ಮಂಡಿ ಕಳಕೊಂಡ ಹೆಂಗಸು
ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು,
"ನನಗೆ ಗೊತ್ತಿಲ್ಲ" ಅಂದಳಂತೆ.
ಕ್ಯಾಮೆರಾ ಅವಳ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕೈಲ್‌ಪೊಳ್ದಿನ ದಿನ ಮರದ ತುದಿಯ ತೆಂಗಿನಕಾಯಿಗೆ
ಗುರಿಯಿಡುವುದನ್ನು ನೋಡಿದ್ದೇನೆ.
ಕೋವಿ ಹಿಡಿದವನ ಉಸಿರು ನಿಂತಿರುತ್ತದೆ.
ಗಾಳಿ ಯಾವ ಕಡೆಯದೆಂದು ವಿವರಿಸುವವರೆಲ್ಲ
ಕುರ್ಚಿಯಲ್ಲಿ ಕೂತಿರುತ್ತಾರೆ.

ಭವಿಷ್ಯ ನಾನೂ ಹೇಳುತ್ತೇನೆ, ದಿನಕ್ಕೆ ಮೂರು ಸಲ.
ನಲವತ್ತೊಂದು ಹೊಟ್ಟೆ, ತಲೆಗೆ ಐದು ಕಡಂಬುಟ್ಟು,
ಮಳೆ ಬಂದರೆ ಆರು, ಪರೀಕ್ಷೆಯಿದ್ದರೆ ಮೂರು,
ಮನೆಯಿಂದ ಫೋನು ಬಂದವಳಿಗೆ ಎರಡು.
ತಪ್ಪಿದರೆ ಜಾಹೀರಾತಿನ ಬಿಡುವಿಲ್ಲ ನನಗೆ.
ಮಿಕ್ಕದ್ದು ಬಕೆಟ್ಟಿನಲ್ಲಿ ಮಂದಣ್ಣನ ಹಂದಿಗೆ;
ಸಾಲದೇ ಹೋದರೆ ಕೊನೆಯ ಬೆಂಚಿನ ಹುಡುಗಿ
"ನನಗೆ ಹಸಿವಿಲ್ಲಕ್ಕಾ" ಅನ್ನುತ್ತಾಳೆ.
ಅದನ್ನು ಕೇಳಿಸಿಕೊಂಡ ಮೇಲೆ
ಮರುದಿನ ಹೊಸ ಟೈ ಕಟ್ಟಿ ಬಂದು ಕೂರಲಾಗುವುದಿಲ್ಲ.

ನಾಲ್ಕಕ್ಕೆ ಮುಗಿಯಲಿಲ್ಲ. ಐದಕ್ಕೂ.
ಆರಕ್ಕೂ ಮುಗಿಯದೆ ಏಳನೆಯ ಬೆಳಗ್ಗೆ
ಕೊನೆಯ ಎರಡು ನಿಮಿಷ ಇರುವಾಗ
ಗೋಣಿಕೊಪ್ಪದ ಕಡೆ ಎಲ್ಲೋ ಕೊಂಬೆ ಬಿದ್ದು
ಕರೆಂಟು ಹೋಯಿತು.

ಕಪ್ಪು ಪರದೆಯಲ್ಲಿ ಅವಳದೇ ಮುಖ.
ಸ್ವಲ್ಪ ಹೊತ್ತು ನೋಡಿದಳು.
ಆಮೇಲೆ ಚೆಂಡು ತೆಗೆದುಕೊಂಡು
ಹಿಂದಿನ ಅಂಗಳಕ್ಕೆ ಹೋದಳು,
ಬಲೆ ಹರಿದ ಒಂಟಿ ಬಳೆಯ ಕಂಬದ ಬಳಿ.
ಎರಡು ನಿಮಿಷವನ್ನು ತಾನೇ ಆಡಿದಳು,
ಬಿಳಿಯೂ ತಾನೇ, ಹಸಿರೂ ತಾನೇ.
ಕಿಟಕಿಯಿಂದ ಎಣಿಸತೊಡಗಿದವಳು
ಹಾಲು ಉಕ್ಕಿತೆಂದು ಓಡಿದೆ.

ಕರೆಂಟು ಬಂದಾಗ ನೇರಳೆ ಟೈಯವನು
ಎರಡೂ ಕೈಯೆತ್ತಿ ನಗುತ್ತಿದ್ದ,
ತಾನು ಮೊದಲೇ ಹೇಳಿದ್ದನ್ನು ಮತ್ತೆ ಹೇಳುವವನ ಹಾಗೆ.
ಗೆದ್ದವರು ಯಾರೋ.
ಅರ್ಥ ಹೇಳುವವಳು ಹೊರಗಿದ್ದಳು.

ಅವಳ ತಟ್ಟೆಗೆ ಮುಚ್ಚಳ ಹಾಕಿಟ್ಟೆ.
ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.
ಆರು ಇಟ್ಟಿದ್ದೆ.