ಯ-ಒತ್ತು

ಮುದ್ದೇಬಿಹಾಳ ಕೋರ್ಟಿನ ಕಂಪೌಂಡಿಗೆ ಹತ್ತಿ
ಬೇವಿನ ಗಿಡದ ಬುಡಕ ನನ್ನ ಟೇಬಲ್ಲು.
ಟೈಪ್ ಮಷಿನ್ನಿಗೆ ನನಗಿಂತ ವಯಸ್ಸು ಜಾಸ್ತಿ.
ಸೀಗಿ ಹುಣ್ಣಿವಿ ಮರುದಿನ ಅದರ ಯ-ಒತ್ತು ಮುರೀತು.
ಬಾಗಲಕೋಟಿಯ ರಿಪೇರಿಯವ ಹೊಳ್ಳಿಸಿ ನೋಡಿ ಅಂದ:
"ಈ ಅಚ್ಚು ಈಗ ಯಾರೂ ಎರಿಯೂದಿಲ್ರಿ ಅಕ್ಕಾರ."

ಅಂದಿನಿಂದ
ಸತ್ಯ ಅಂತ ಹೊಡೆದರ ಸತ ಬೀಳತದ,
ನ್ಯಾಯ ಅಂತ ಹೊಡೆದರ ನಾಯ.
ಸಂಜಿಕ ಹಾಳಿ ಎಲ್ಲಾ ಮುಂದಿಟ್ಟುಕೊಂಡು
ನೀಲಿ ಪೆನ್ನಿನಿಂದ ಒಂದೊಂದಕ್ಕ ಬಾಲ ಹಚ್ಚತೀನಿ.

ಅವತ್ತು ಬುಧವಾರ.
ಮೈಬೂಬನ ಕ್ಯಾಂಟೀನಿನ ಟೀವಿಯೊಳಗ ಅಮೆರಿಕ,
ಕೆಂಪು ನೀಲಿ ತ್ಯಾಪಿ ಹಚ್ಚಿದ ಕೌದಿ.
ಢವಳಗಿ ವಕೀಲರು ಕೆಂಪು ತುಂಡು ಎಣಿಸತಿದ್ದರು,
ಬಿದರಕುಂದಿ ವಕೀಲರು ನೀಲಿ.
ಕೃಷ್ಣಾ ದಾಟಿದ್ದು ಇಬ್ಬರೂ ಮದುವಿ ಮುಂಜಿವಿಗಷ್ಟೇ.
ಪೆನ್ಸಿಲ್ವೇನಿಯಾ ಅನ್ನೂದನ್ನ ಮಾತ್ರ
ತಾಳಿಕೋಟಿ ಆಚೆಗಿನ ಹಳ್ಳಿ ಅನ್ನೂಹಂಗ ಅಂತಿದ್ದರು.

"ಅಂಚೆ ಮತದಾಗ ಮೋಸ ಆಗೇದ."
"ಪುರಾವೆ ಎಲ್ಲೇದ? ತಗೀರಿ ಹೊರಗ."
"ನಿಮ್ಮ ಚಾನೆಲ್ಲು ತೋರಸೂದಿಲ್ಲ."
"ನಿಮ್ಮದು ಅದೊಂದು ಬಿಟ್ಟು ಏನೂ ತೋರಸೂದಿಲ್ಲ."
ರಿಮೋಟು ಈ ಕೈಯಿಂದ ಆ ಕೈಗೆ.
ಒಂದರಾಗ ಆಗಲೇ ಗೆದ್ದಾಗಿತ್ತು, ಇನ್ನೊಂದರಾಗ ಎಣಿಸೂದು ನಡೆದಿತ್ತು.
"ಎರಡರಾಗೂ ಬೋರಿನ ಪೈಪಿನ ಜಾಹೀರಾತು ಒಂದ ಬರತದ ನೋಡ್ರಿ"
ಅಂತ ಮೈಬೂಬ ಗ್ಲಾಸು ತೊಳೀಲಿಕ್ಕೆ ಹೋದ.
ಅಧ್ಯಕ್ಷ, ಮಾಧ್ಯಮ, ರಾಜ್ಯ, ಸಂಖ್ಯೆ:
ಅವರು ಚೀರಿದ್ದೆಲ್ಲಾ ನನ್ನ ಮಷಿನ್ನಿಗೆ ಬಾರದ ಮಾತು.

ಆಮ್ಯಾಲೆ ಕುರ್ಚಿ ಸುದ್ದಿ ಬಂತು.
ಅಲ್ಲಿಯ ದೊಡ್ಡ ಕೋರ್ಟಿನಾಗ ಒಂಬತ್ತು ಕುರ್ಚಿಯಂತ,
ಕೂತವರು ಸಾಯೂತನಕ ಕೂಡಬಹುದಂತ,
ಒಂದು ತೆರವಾದರ ಯಾರ ಕಡಿಯವರು,
ಚುನಾವಣಿಗೆ ಮೊದಲೋ, ಆದ ಮ್ಯಾಲೋ.
ಢವಳಗಿಯವರು ಕೊರಳಿನ ಬಿಳೀ ಪಟ್ಟಿ ಸಡಲಿಸಿದರು.
ಬಿದರಕುಂದಿಯವರ ಬಶಿಯ ಚಹಾ ಕರೀ ಕೋಟಿನ ಮ್ಯಾಲೆ.
"ಜಡ್ಜೇ ಒಂದು ಪಾರ್ಟಿಯವ ಆದರ ಉಳಿದದ್ದೇನು?"
ಯಾರು ಅಂದರೋ ನೆನಪಿಲ್ಲ.
ಇಬ್ಬರೂ ಅಂದಿರಬೇಕು.

ಶಾವಂತ್ರೆವ್ವ ನನ್ನ ಎದುರಿಗೆ ಕುಂತಿದ್ದಳು,
ಇಂಗಳಗೇರಿಯಿಂದ ಮೊದಲನೇ ಬಸ್ಸಿಗೆ ಬಂದಾಕಿ.
ಮೈದುನ ಎಬ್ಬಿಸಿದ ಗ್ವಾಡಿ ಅಕಿ ಕಿಡಕಿ ಮುಚ್ಚಿ
ಹನ್ನೊಂದು ವರ್ಷ.
"ಯಾವ ಕುರ್ಚಿ ಸಲುವಾಗಿ ಬಡದಾಡತಾರ ತಂಗೀ?"
"ಅಮೆರಿಕದ್ದು."
"ಹಂಗಾರ ನಮ್ಮ ಎರಡನೇ ಹಾಲಿಂದಲ್ಲ."

ಅಲ್ಲ.
ಎರಡನೇ ಹಾಲಿನ ಸಾಹೇಬರು ವರ್ಗ ಆಗಿ ಎಂಟು ತಿಂಗಳು.
ಆ ಕುರ್ಚಿಯ ಟವೆಲ್ಲಿನ ಮ್ಯಾಲೆ ಪಾರಿವಾಳ ಬಂದು ಕೂಡತದ,
ಎರಡೂ ಪಕ್ಷ ಬಡಕೊಂಡು ಏಳತದ.
ಶಾವಂತ್ರೆವ್ವನ ವಕೀಲರು ಢವಳಗಿಯವರು,
ಮೈದುನನವರು ಬಿದರಕುಂದಿ.
ಹನ್ನೊಂದು ವರ್ಷದಾಗ ಅವರ ದನಿ ಇಷ್ಟು ಏರಿದ್ದು
ನಾ ಕೇಳಿದ್ದಿಲ್ಲ.
ಕೂಗಿದಾಗ ಜೋಡೀಲೆ ಒಳಗ ಹೋಗಿ
ಜೋಡೀಲೆ ಹೊರಗ ಬರತಿದ್ದರು,
ಮುಂದಿನ ತಾರೀಖು ಹಿಡಕೊಂಡು.

ಅವತ್ತೂ ಇಬ್ಬರೂ ಕೂಡಿ ಬರೆದ ಕರಡೊಂದು
ನನ್ನ ಟೇಬಲ್ಲಿನ ಮ್ಯಾಲಿತ್ತು: ರಾಜಿ.
ಗ್ವಾಡಿ ಇದ್ದಲ್ಲೇ, ಕಿಡಕಿಗೆ ಇಂತಿಷ್ಟು ರೊಕ್ಕ.
"ಓದಿ ಹೇಳು" ಅಂದಳು.
ಓದಿದೆ.
ಚೀಲದಿಂದ ಎಲಿ ತಗದು ತುದಿ ಚಿವುಟಿ ಒಗೆದು
"ಬ್ಯಾಡ" ಅಂದಳು.
"ನನಗ ಬೆಳಕು ಬೇಕು. ನಾ ಅಂದಂಗ ಬರಿ."

ಬೇಡ ಅಂತ ಹೊಡೀಬಹುದಿತ್ತು.
ಪುಸ್ತಕದ ಮಾತಿಗೆ ಈ ಒತ್ತಿನ ತ್ರಾಸಿಲ್ಲ.
ಅಕಿ ಅಂದದ್ದು ಅದಲ್ಲ.
ಹೊಡೆದೆ. ಹಾಳಿ ಮ್ಯಾಲೆ ಬಿತ್ತು: ಬಾಡ.
ಪೆನ್ನು ತಗದು ಬಾ ಕೆಳಗ, ಸಣ್ಣಗ,
ಹಾಳಿ ಹರೀಯೂಹಂಗ ಒತ್ತಿ ಬರೆದೆ.

ಅಷ್ಟರಾಗ ಕರೆಂಟು ಹೋಗಿ ಕ್ಯಾಂಟೀನಿನಾಗ ಅಮೆರಿಕ ಆರಿತು.
ಕತ್ತಲಿಯೊಳಗ ಅವರಿಬ್ಬರ ವಾದ
ಇನ್ನಷ್ಟು ಸ್ವಚ್ಛ ಕೇಳಿಸತಿತ್ತು.

ಶಾವಂತ್ರೆವ್ವ ಹೆಬ್ಬೆಟ್ಟು ಒತ್ತಿದಳು.
ಜಾಂಬಳಿ ಮಸಿ. ಒರಸಿಕೊಳ್ಳಾಕ ಏನರೆ ಕೊಡು ಅಂದಳು.
ಅವತ್ತಿನ ಪೇಪರು ಕೊಟ್ಟೆ.
ಮುಖಪುಟದಾಗ ಅದೇ ಕೌದಿ, ಎಣಿಕಿಗೂ ಮೊದಲು ಅಚ್ಚಾದದ್ದು.
ಇನ್ನೂ ಬಣ್ಣ ಹತ್ತದ ಯಾವದೋ ರಾಜ್ಯದ ಮ್ಯಾಲೆ
ಹೆಬ್ಬೆಟ್ಟು ತಿಕ್ಕಿ,
ಬಸ್ಸಿನ ಹೊತ್ತಾತಂತ ಎದ್ದಳು.