ಠ-ದ ಹೊಟ್ಟೆಯ ಚುಕ್ಕಿ

ಮೊದಲು ಮುಚ್ಚಿಕೊಂಡದ್ದು ಸೂಜಿಯ ಕಣ್ಣು.
ನನ್ನದಲ್ಲ, ಸೂಜಿಯದೇ ಎಂದು ಒಂದು ವರ್ಷ ವಾದಿಸಿದೆ;
ಬಳೇಪೇಟೆಯ ಅಂಗಡಿಯವನ ಜೊತೆ ಜಗಳಾಡಿ
ಮೂರು ಪೊಟ್ಟಣ ವಾಪಸು ಮಾಡಿದೆ.
ಆಮೇಲೆ ದಾರ ಸರಿಯಿಲ್ಲವೆಂದೆ. ಆಮೇಲೆ ಟ್ಯೂಬ್‌ಲೈಟು.
ತೋಳು ಇನ್ನೊಂದು ಗೇಣು ಉದ್ದವಿದ್ದಿದ್ದರೆ
ಮತ್ತೆರಡು ವರ್ಷ ದೂಡುತ್ತಿದ್ದೆ.

ಕಾಟನ್‌ಪೇಟೆಯಲ್ಲಿ ಇದಕ್ಕೊಂದು ಹೆಸರಿದೆ.
"ಚಾಳೀಸು ಬಂತಾ, ಅಂಬುಜಾ?"
ಊರಿಂದ ನೆಂಟರು ಬಂದರಾ ಅನ್ನುವ ಹಾಗೆ ಕೇಳುತ್ತಾರೆ.
ಬಂತು. ನಲವತ್ತಕ್ಕಲ್ಲ, ನಲವತ್ತಮೂರಕ್ಕೆ,
ಗೌರಿಹಬ್ಬದ ಹಿಂದಿನ ವಾರ,
ಹದಿನೆಂಟು ಸೀರೆಗೆ ಫಾಲ್ಸ್ ಬಾಕಿ ಇರುವಾಗ.

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನೂರೈವತ್ತಕ್ಕೆ
ಪ್ಲಸ್ ಒಂದೂವರೆ ಸಿಗುತ್ತದೆ,
ಕನ್ನಡಿ ಹಿಡಿಯಲು ಒಬ್ಬ ಹುಡುಗನೂ ಇರುತ್ತಾನೆ.
ಹಾಕಿದೆ. ದಾರ ಹೊಕ್ಕಿತು. ತಲೆನೋವೂ ಹೊಕ್ಕಿತು.
ಎಡಗಣ್ಣು ಬಲಗಣ್ಣು ಅಕ್ಕತಂಗಿಯರಾದರೂ
ಒಂದೇ ಅಳತೆಯ ರವಿಕೆ ಇಬ್ಬರಿಗೂ ಕೂರುವುದಿಲ್ಲ.
ಇದು ನನಗಾದರೂ ತಿಳಿಯಬೇಕಿತ್ತು.

ಅತ್ತೆಯನ್ನೂ ಹೊರಡಿಸಿಕೊಂಡು ಮಿಂಟೋಗೆ ನಡೆದೆ.

ಅರೆಗತ್ತಲ ಕೋಣೆ. ಮೂಗಿನ ಮೇಲೆ ಭಾರದ ಚೌಕಟ್ಟು.
ಎದುರಿಗೆ ಬೆಳಕಿನ ಡಬ್ಬಿ, ಅದರೊಳಗೆ ಅಕ್ಷರ.
ನನ್ನ ಮುಂದಿನವರು ಗಟ್ಟಿಯಾಗಿ ಓದಿದ್ದರಿಂದ
ಕೊನೆಯ ಸಾಲು ಬಾಯಿಪಾಠವಾಗಿತ್ತು. ಒಪ್ಪಿಸಿದೆ.
ಹುಡುಗಿ ನಕ್ಕು ಹಲಗೆ ಬದಲಿಸಿದಳು.
"ಇದು ರ-ನಾ, ಠ-ನಾ?"

ರ-ದ ಹೊಟ್ಟೆಯಲ್ಲೊಂದು ಚುಕ್ಕಿ ಇಟ್ಟರೆ ಠ.
ಚುಕ್ಕಿ ಒಮ್ಮೆ ಇದ್ದ ಹಾಗೆ, ಒಮ್ಮೆ ಅಕ್ಷರವೇ ನುಂಗಿದ ಹಾಗೆ.
ಎಡಗಣ್ಣಿನ ಗುಂಡು ಓರೆಗೆ ಎಳೆದಿದೆಯಂತೆ,
ಕ್ರಾಸ್ ಕತ್ತರಿಸಿದ ಬಟ್ಟೆಯ ಹಾಗೆ;
ಅದಕ್ಕೆ ಸಿಲಿಂಡರ್ ಎಂಬ ನಂಬರು ಬೇರೆ.

ಗಾಜು ಹಾಕಿದಳು, ತಿರುಗಿಸಿದಳು.
"ಇದು ಚೆನ್ನಾಗಿದೆಯಾ, ಅಥವಾ ಇದಾ?"
ನಾನು ಸುಮ್ಮನಾದೆ.
ಹೆಣ್ಣು ನೋಡಲು ಬಂದಾಗ, ಬಾಡಿಗೆಗೆ ಮನೆ ಹಿಡಿದಾಗ,
ಮಗಳನ್ನು ಯಾವ ಶಾಲೆಗೆ ಎಂಬ ಮಾತು ಬಂದಾಗ
ಇದಾ ಅದಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.
"ಇನ್ನೊಮ್ಮೆ ತೋರಿಸಮ್ಮ."
ತೋರಿಸಿದಳು. ಇನ್ನೊಮ್ಮೆ ಎಂದೆ.
ಹೊರಗೆ ಸಾಲು ಕೆಮ್ಮುತ್ತಿತ್ತು, ಕೆಮ್ಮಲಿ.

ಬಂತು ಚುಕ್ಕಿ,
ಅಂಚು ಕಟ್ಟಿದ ಕಾಜದಷ್ಟು ಖಚಿತ.

ಅತ್ತೆ ತುಳಸಾಬಾಯಿಯದು ಪೊರೆ.
"ಹಣ್ಣಾಗಲಿ ನೋಡೋಣ" ಎಂದು ಆರು ವರ್ಷ ಇಟ್ಟುಕೊಂಡಿದ್ದಳು,
ಹುಲ್ಲಲ್ಲಿ ಮುಚ್ಚಿಟ್ಟ ಮಾವಿನಕಾಯಿಯ ಹಾಗೆ.
ಈಗ ಹಣ್ಣಾಗುವ ತನಕ ಕಾಯಬೇಕಿಲ್ಲವಂತೆ,
ಕೆಲಸಕ್ಕೆ ಅಡ್ಡ ಬಂದರೆ ಸಾಕು.
ಪೊರೆ ಎಂದರೆ ಕಾಪಾಡು ಎಂದೂ ಅರ್ಥ,
ಮಗಳು ಪಠ್ಯಪುಸ್ತಕದಿಂದ ಎತ್ತಿ ಹೇಳಿದಳು.
(ಅವಳದು ಮೈನಸ್ ಮೂರು. ಲೇಸರ್ ಮಾಡಿಸು ಎಂದು ವರಾತ.
ನಂಬರು ಮೊದಲು ಒಂದು ಕಡೆ ನಿಲ್ಲಲಿ ಎಂದರು ಡಾಕ್ಟರು.
ಅವಳೂ ಒಂದು ಕಡೆ ನಿಲ್ಲುವವಳಲ್ಲ.)

ಕಣ್ಣೊಳಗೆ ಹೊಸ ಲೆನ್ಸು ಕೂತ ಮರುದಿನ ಪಟ್ಟಿ ಬಿಚ್ಚಿದರು.
ಮಧ್ಯಾಹ್ನವೇ ಅತ್ತೆ ಕರಿಕನ್ನಡಕ ಹಣೆಗೇರಿಸಿ,
ಬೈದರೂ ಕೇಳದೆ, ರೀಲುಗಳ ಡಬ್ಬಿ ಮಡಿಲಿಗೆಳೆದಳು.
"ಇದು ನೀಲಿ. ಇದೂ ನೀಲಿ.
ಅಯ್ಯೋ, ಇದು ನೀಲಿಯೇನೇ?"
ಕಡುನೀಲಿಯನ್ನು ಕಪ್ಪೆಂದುಕೊಂಡು
ಎಷ್ಟು ಕರಿಸೀರೆಗಳ ಅಂಚಿಗೆ ಹೊಲಿದಿದ್ದಳೋ.
ಗಿರಾಕಿಗಳು ಒಬ್ಬರೂ ದೂರಲಿಲ್ಲ.
ಅವರಿಗೂ ಪೊರೆ ಬಂದಿತ್ತೋ,
ಇಲ್ಲಾ ನಮ್ಮನ್ನು ಪೊರೆದರೋ.

ನನ್ನದು ಬೈಫೋಕಲ್. ಪ್ರೊಗ್ರೆಸಿವ್ ಎಂಬುದೂ ಇದೆ,
ಅದರ ಬೆಲೆಗೆ ಹಳೆಯ ಓವರ್‌ಲಾಕ್ ಮೆಷಿನ್ ಬರುತ್ತದೆ.
ಮೊದಲ ವಾರ ಮೆಟ್ಟಿಲುಗಳು ತೇಲಿದವು;
ಕತ್ತು ಬಗ್ಗಿಸಿ ಇಳಿಯುವುದು ಕಲಿತೆ.
ಇಳಿದು, ಬೀದಿ ದಾಟಿ ತಿರುಗಿ ನೋಡಿದರೆ
ನಮ್ಮದೇ ಬೋರ್ಡು:
ಅಂಬುಜಾ ಲೇಡೀಸ್ ಟೈಲರ್, ಮರದ ಬೀದಿ.

ಮಠದ ಬೀದಿ ಇದು. ಪೇಂಟರು ಚುಕ್ಕಿ ಮರೆತು
ಹನ್ನೊಂದು ವರ್ಷವಾಯಿತು.

ಸ್ಟೂಲು ಹಾಕಿ ಹತ್ತಿ, ಮಾರ್ಕಿಂಗ್ ಚಾಕಿನಿಂದ ಇಟ್ಟೆ.
ಮಳೆಗೆ ಹೋಗುತ್ತದೆ ಎಂದಳು ಅತ್ತೆ.
ಹೋದರೆ ಕಾಣುತ್ತದಲ್ಲ ಈಗ, ಎಂದೆ.